ಮನೆ ಬಿಟ್ಟ ಮೇಲೆ ಪೀಲನ್‌ಪೋಲ್

ಮನೆ ಮಾರಿದ ದಿನ ಕ್ಲೆಮೆನ್ಸ್‌ಗೆ ಕಿಂಚಿತ್ತೂ ಗುಮಾನಿ ಇರಲಿಲ್ಲ. ಗೋಡೆ ಹೋಯಿತು, ದನದ ಕೊಟ್ಟಿಗೆ ಹೋಯಿತು, ಹಿತ್ತಿಲ ಸೇಬಿನ ಮರ ಹೋಯಿತು, ಹೋಗಲಿ. ಹೆಸರಂತೂ ತನ್ನ ಜೊತೆಗೇ ಬರುತ್ತದೆ ಎಂದು ಅವನು ನಂಬಿಕೊಂಡಿದ್ದ. ಎಪ್ಪತ್ತು ದಾಟಿದ ಮನುಷ್ಯ, ಮದುವೆಯಾದಂದಿನಿಂದ ಇದೇ ಓಸ್ಟರ್‌ಲೋ ಹಳ್ಳಿಯಲ್ಲಿ ಬಾಳಿದವನು, ಇಷ್ಟು ತಿಳಿಯಬೇಡವೇ? ನಮ್ಮ ಕಡೆ ಹೆಸರು ಇರುವುದು ಮನೆಗೆ. ಆ ಮನೆಯಲ್ಲಿ ಯಾರು ಒಲೆ ಹಚ್ಚುತ್ತಾರೋ ಅವರು ಆ ಹೆಸರಿನವರು. ಸರ್ಕಾರದ ಕಾಗದದಲ್ಲಿ ಇನ್ನೇನಾದರೂ ಬರೆದಿರಲಿ, ಅದನ್ನು ಕಟ್ಟಿಕೊಂಡು ನಮಗೇನಾಗಬೇಕು?

ಅವನು ಮಾರಿದ ಪೀಲನ್‌ಪೋಲ್ ಮನೆ ಊರಾಚೆ, ಕಾಲುವೆ ದಾರಿಯಲ್ಲಿದೆ. ಪೀಲ್ ಎಂದರೆ ನಮ್ಮ ಹಳ್ಳಿ ಮಾತಿನಲ್ಲಿ ಬಾತುಕೋಳಿ, ಪೋಲ್ ಎಂದರೆ ನೀರುಗುಂಡಿ. ಯಾವ ಕಾಲದಲ್ಲೋ ಆ ಮನೆಯ ಹಿಂದೆ ಒಂದು ಗುಂಡಿಯೂ ಅದರಲ್ಲಿ ಬಾತುಗಳೂ ಇದ್ದಿರಬೇಕು. ಗುಂಡಿ ಬತ್ತಿ ಅಲ್ಲಿ ಆಲೂಗಡ್ಡೆ ಬೆಳೆಯುವ ಹಾಗಾಯಿತು, ಬಾತುಗಳನ್ನು ಯಾರು ತಿಂದರೋ ಗೊತ್ತಿಲ್ಲ, ಹೆಸರು ಮಾತ್ರ ಉಳಿಯಿತು. ನಮ್ಮ ಹಳೇ ಮೇಷ್ಟರೊಬ್ಬರು, ಅದು ಬಾತು ಅಲ್ಲವೇ ಅಲ್ಲ, ಪೀಲ್ ಎಂದರೆ ನೆಟ್ಟಗೆ ನಿಂತದ್ದು, ಅಲ್ಲೊಂದು ಗಡಿಕಂಬ ಇದ್ದಿರಬೇಕು ಎಂದು ಸಾಯುವವರೆಗೂ ವಾದಿಸಿದರು. ಊರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬಕ್ಕಿಂತ ಬಾತು ಯಾರಿಗೆ ತಾನೆ ಇಷ್ಟವಾಗುವುದಿಲ್ಲ ಹೇಳಿ!

ಕ್ಲೆಮೆನ್ಸ್ ಹುಟ್ಟಿದ್ದು ಪೀಲನ್‌ಪೋಲ್ ಆಗಿ ಅಲ್ಲ. ಹತ್ತಿರದ ಪೇಟೆಯಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟಿದ್ದ ಮ್ಯುಲ್ಲರ್ ಎಂಬವರ ಎರಡನೇ ಮಗ ಅವನು. ಜರ್ಮನಿಯಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಮ್ಯುಲ್ಲರನ ತಲೆಗೆ ಬೀಳುತ್ತದೆ, ಅಷ್ಟು ಜನ. ಆದರೂ ಅವನ ಅಪ್ಪನಿಗೆ ಆ ಹೆಸರಿನ ಮೇಲೆ ಎಲ್ಲಿಲ್ಲದ ಜಂಬ. ಕ್ಲೆಮೆನ್ಸ್ ಹಾಲಿನ ಲಾರಿ ಓಡಿಸುತ್ತಿದ್ದ. ಬೆಳಗಾಗೆದ್ದು ಮನೆಮನೆಯ ಮುಂದೆ ಹಾಲಿನ ಕ್ಯಾನು ಎತ್ತಿಕೊಳ್ಳುವ ಕೆಲಸ. ಪೀಲನ್‌ಪೋಲ್ ಮನೆಯ ಮುಂದೆ ಮಾತ್ರ ಅವನ ಲಾರಿ ಏಕೋ ದಿನಾ ಕೆಡುತ್ತಿತ್ತು. ಆ ಮನೆಯ ಒಬ್ಬಳೇ ಮಗಳು ವಾಲ್‌ಬುರ್ಗಾ ಕಿಟಕಿಯಲ್ಲಿ ನಿಂತು, "ಇವತ್ತೇನು, ಎಂಜಿನ್ನೋ ಚಕ್ರಾನೋ?" ಎಂದು ಕೇಳುವಳು. ಸಾವಿರದ ಒಂಬೈನೂರ ಎಪ್ಪತ್ತೊಂದರ ಬೇಸಿಗೆಯಲ್ಲಿ ಮದುವೆಯಾಯಿತು. ಅವನು ಮನೆ ಅಳಿಯನಾಗಿ ಬಂದ.

ಮದುವೆಯ ಹಿಂದಿನ ದಿನ ನೆರೆಕೂಟದವರು ಬಂದು ಬಾಗಿಲಿಗೆ ಹಸಿರು ತೋರಣ ಕಟ್ಟುವುದು ನಮ್ಮಲ್ಲಿ ಮಾಡಲೇಬೇಕಾದ ಕೆಲಸ. ನೆರೆಕೂಟ ಎಂದರೆ ಒಂದೇ ದಾರಿಯ ಹತ್ತು ಹನ್ನೆರಡು ಮನೆಗಳು. ಮದುವೆಗೆ ತೋರಣ, ಸಾವಿಗೆ ಹೆಗಲು, ಎರಡೂ ಅವರದೇ. ತೋರಣದ ನಡುವೆ ಒಂದು ಹಲಗೆ, ಅದರ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಪೀಲನ್‌ಪೋಲ್ ಎಂದು ಬರೆದಿತ್ತು. ಅದನ್ನು ಕಂಡದ್ದೇ ಕ್ಲೆಮೆನ್ಸ್‌ನ ಅಪ್ಪನ ಪಿತ್ತ ನೆತ್ತಿಗೇರಿತು.

"ಹೋಗು, ಹೋಗು, ಬಾತುಗುಂಡೀಲಿ ಬಿದ್ಕೊಂಡಿರು. ನಾನು ಇದರ ಕೆಳಗೆ ಕಾಲಿಡೋನಲ್ಲ" ಎಂದು, ಸೂಟು ಬೂಟು ತೊಟ್ಟ ಆ ಮನುಷ್ಯ ಸುತ್ತಿ ಬಳಸಿ ಕೊಟ್ಟಿಗೆಯ ಬಾಗಿಲಿನಿಂದ ಮದುವೆ ಊಟಕ್ಕೆ ಬಂದ. ಬೂಟಿಗೆಲ್ಲ ಸಗಣಿ. ಕ್ಲೆಮೆನ್ಸ್‌ಗೆ ಅಪ್ಪನ ಮೇಲೂ ಕೋಪ, ತೋರಣ ಕಟ್ಟಿದವರ ಮೇಲೂ ಕೋಪ. ಆಗಿನ ಕಾನೂನಿನ ಪ್ರಕಾರ ಹೆಂಡತಿ ಗಂಡನ ಹೆಸರಿಗೆ ಬರಬೇಕು. ವಾಲ್‌ಬುರ್ಗಾ ಕಚೇರಿಯಲ್ಲಿ ಮ್ಯುಲ್ಲರ್ ಎಂದು ರುಜು ಹಾಕಿಯೂ ಆಗಿತ್ತು. ಹಾಗಿರುವಾಗ ಇವರದೇನು ಮಧ್ಯೆ ಎಂದು ಅವನ ಮೈಯೆಲ್ಲ ಉರಿಯಿತು.

ಊರೋ, ಅವನ ಉರಿಗೆ ಸೊಪ್ಪು ಹಾಕಲಿಲ್ಲ. ಮಾರನೆಯ ದಿನದಿಂದಲೇ ಪೀಲನ್‌ಪೋಲ್, ಸಗಣಿ ಎತ್ತಲು ಬಾ. ಪೀಲನ್‌ಪೋಲ್, ಒಂದು ಲೋಟ ಬಿಯರು ಕುಡಿ. "ನಾನು ಮ್ಯುಲ್ಲರ್" ಎಂದು ತಿದ್ದಿ ತಿದ್ದಿ ಅವನ ನಾಲಗೆ ಸವೆಯಿತು. ಕೊನೆಗೆ ಹಠಕ್ಕೆ ಬಿದ್ದು ಬಾಗಿಲ ಮೇಲೆ ಮ್ಯುಲ್ಲರ್ ಎಂದು ಹಿತ್ತಾಳೆಯ ಫಲಕ ಜಡಿದ. ಒಂದು ವಾರದಲ್ಲಿ ಊರೆಲ್ಲ ಸುದ್ದಿ: ಪೀಲನ್‌ಪೋಲ್ ಮನೆಯ ಮೇಲಿನ ಕೋಣೆಗೆ ಮ್ಯುಲ್ಲರ್ ಎನ್ನುವ ಯಾರೋ ಬಾಡಿಗೆಗೆ ಬಂದಿದ್ದಾರಂತೆ, ಪಾಪ, ಹೊರಗೇ ಕಾಣಿಸಿಕೊಳ್ಳುವುದಿಲ್ಲವಂತೆ. ಪಕ್ಕದ ಮನೆಯ ಎನ್ನೆ ಎಂಬಾಕೆ ಆ ಬಾಡಿಗೆದಾರನಿಗೆಂದು ಒಂದು ತಟ್ಟೆ ಸೂಪು ಸಹ ತಂದುಕೊಟ್ಟಳು. ಕ್ಲೆಮೆನ್ಸ್ ಹಲ್ಲು ಕಚ್ಚಿಕೊಂಡು ಅದನ್ನು ಕುಡಿದು ತಟ್ಟೆ ತೊಳೆದಿಟ್ಟ. ವಾಲ್‌ಬುರ್ಗಾ ನಕ್ಕೂ ನಕ್ಕೂ ಸುಸ್ತಾಗಿ ಮೆಟ್ಟಿಲ ಮೇಲೆ ಕುಸಿದು ಕೂತಳು.

ಅವನು ಆ ಹೆಸರಿಗೆ ಸೋತದ್ದು ಆಸ್ಪತ್ರೆಯಲ್ಲಿ, ಅದೂ ಒಂದು ಸಲ ಸತ್ತ ಮೇಲೆ.

ಮದುವೆಯಾಗಿ ಹದಿನೈದು ವರ್ಷವಾದರೂ ಆಗಿರಬೇಕು. ಮಕ್ಕಳಾಗಿರಲಿಲ್ಲ, ಆ ನೋವನ್ನು ಇಬ್ಬರೂ ಮಾತಿಲ್ಲದೆ ಹಂಚಿಕೊಂಡಿದ್ದರು. ಆ ಸಲ ವಾಲ್‌ಬುರ್ಗಾ ಊರ ಹೆಂಗಸರ ಜೊತೆ ಮಾತೆ ಮರಿಯಮ್ಮನ ದರ್ಶನಕ್ಕೆ ಕೆವೆಲಾರಿಗೆ ಕಾಲ್ನಡಿಗೆಯಲ್ಲಿ ಹೋಗಿದ್ದಳು. ಇತ್ತ ಲಾರಿ ಓಡಿಸುತ್ತಿದ್ದ ಕ್ಲೆಮೆನ್ಸ್‌ಗೆ ದಾರಿಯಲ್ಲೇ ಹೊಟ್ಟೆನೋವು ಕಿತ್ತುಕೊಂಡು ಬಂತು. ಅಪೆಂಡಿಕ್ಸ್ ಒಡೆದಿತ್ತು. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಮ್ಯೂನ್‌ಸ್ಟರ್ ಪಟ್ಟಣಕ್ಕೆ ಒಯ್ದರು. ಸುದ್ದಿ ಕೇಳಿದ ಪಕ್ಕದ ಮನೆಯ ಎವಾಲ್ಟ್, ಎನ್ನೆಯ ಗಂಡ, ಭಾನುವಾರದ ಕೋಟು ತೊಟ್ಟು, ಬುಟ್ಟಿಯಲ್ಲಿ ಹೊಗೆಗೆ ಒಣಗಿಸಿದ ಹಂದಿಮಾಂಸ ಇಟ್ಟುಕೊಂಡು, ಹೆಂಡತಿಯನ್ನೂ ಕೂಡಿಸಿಕೊಂಡು ಕಾರು ಹತ್ತಿದ.

"ಪೀಲನ್‌ಪೋಲ್ ಎಲ್ಲಿ ಮಲಗಿದಾನೆ?" ಎಂದು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದ.

"ಆ ಹೆಸರಿನವರು ಯಾರೂ ಇಲ್ಲ."

"ನಿನ್ನೆ ಬಂದಿದ್ದ ಅಲ್ವಾ?"

"ನಿನ್ನೆನೂ ಇಲ್ಲ, ಇವತ್ತೂ ಇಲ್ಲ. ಇಲ್ಲ ಅಂದ್ರೆ ಇಲ್ಲ ಸ್ವಾಮಿ."

ಕ್ಲೆಮೆನ್ಸ್‌ನ ಮದುವೆಗೆ ಸಾಕ್ಷಿ ಹಾಕಿದವನೇ ಈ ಎವಾಲ್ಟ್! ಅವನಿಗಾದರೂ ಮ್ಯುಲ್ಲರ್ ಎನ್ನುವ ಹೆಸರು ನೆನಪಾಗಬೇಡವೇ? ಆಗಲಿಲ್ಲ. ಇಲ್ಲ ಎಂದ ಮೇಲೆ ಮುಗಿಯಿತು, ಹೋಗಿಬಿಟ್ಟ ಎಂದುಕೊಂಡ. ಎನ್ನೆ ದಾರಿಯುದ್ದಕ್ಕೂ ಗೋಳೋ ಎಂದು ಅತ್ತಳು. ಸಾವಿನ ಸುದ್ದಿ ಮುಟ್ಟಿಸುವುದು ಪಕ್ಕದ ಮನೆಯವನ ಕರ್ತವ್ಯ. ಎವಾಲ್ಟ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ, "ಪೀಲನ್‌ಪೋಲ್ ನಮ್ಮನ್ನ ಬಿಟ್ಟು ಹೋದ, ಪ್ರಾರ್ಥನೆಗೆ ಬನ್ನಿ" ಎಂದು ಹೇಳಿ ಬಂದ. ಹೆಂಗಸರು ತಿಥಿಯ ಬೆಣ್ಣೆ ಕೇಕಿಗೆ ಹಿಟ್ಟು ನಾದಿದರು. ಗಂಡಸರು ಹೆಣ ಹೊರುವವರು ಯಾರು ಎಂದು ಮಾತಾಡಲು ಕೂತವರು ಜಗಳಕ್ಕೇ ಬಿದ್ದರು. ಹೊರಬೇಕಾದವರು ಆರು ಜನ. ನಾನು ಹೊರುತ್ತೇನೆ ಎಂದು ಎದ್ದವರು ಒಂಬತ್ತು. "ಅವನು ಹಿಮ ಬಿದ್ದಾಗ ನನ್ನ ಹಾಲು ತಗೊಂಡು ಹೋದೋನು, ನಾನು ಬಿಡಲ್ಲ" ಎಂದು ಒಬ್ಬ ಮೇಜು ಗುದ್ದಿದ.

ಮರುದಿನ ಕ್ಲೆಮೆನ್ಸ್ ಕಣ್ಣು ಬಿಟ್ಟ. ಹಸುಗಳ ನೆನಪಾಯಿತು. ನರ್ಸಿನ ಕೈಕಾಲು ಹಿಡಿದು ನಮ್ಮೂರ ಹೋಟೆಲಿಗೆ ಫೋನು ಮಾಡಿಸಿದ.

"ಹಲೋ, ನಾನು ಮ್ಯುಲ್ಲರ್ ಮಾತಾಡ್ತಿರೋದು."

"ನಮ್ಮೂರಲ್ಲಿ ಯಾವ ಮ್ಯುಲ್ಲರೂ ಇಲ್ಲಪ್ಪಾ" ಎಂದಳು ಹೋಟೆಲಿನವಳು. "ಫೋನ್ ಇಡಿ, ಇಲ್ಲಿ ಸಾವಾಗಿದೆ, ಪುರಸೊತ್ತಿಲ್ಲ."

"ಅಯ್ಯೋ, ಇಡಬೇಡ ಕಣೇ! ನಾನು, ನಾನು... ಪೀಲನ್‌ಪೋಲ್!"

ಆಚೆ ಕಡೆ ಕಿಟಾರನೆ ಕಿರುಚಿದ್ದು ನರ್ಸಿಗೂ ಕೇಳಿಸಿತಂತೆ. ಅವನು ತನ್ನ ಬಾಯಿಂದ ಆ ಹೆಸರನ್ನು ತನಗೆ ಹೇಳಿಕೊಂಡದ್ದು ಅದೇ ಮೊದಲು. ಮಾಡಿದ ಕೇಕು ಹಾಳು ಮಾಡುವುದುಂಟೇ? ಅಷ್ಟನ್ನೂ ಹೊತ್ತುಕೊಂಡು ಇಡೀ ನೆರೆಕೂಟ ಆಸ್ಪತ್ರೆಗೆ ನುಗ್ಗಿತು. ತನ್ನ ತಿಥಿಯ ಕೇಕನ್ನು ವಾರ್ಡಿನವರಿಗೆಲ್ಲ ಹಂಚುತ್ತ, ಒಂಬತ್ತು ಜನರ ಜಗಳದ ಕಥೆ ಕೇಳಿದಾಗ ಕ್ಲೆಮೆನ್ಸ್ ಹೊಲಿಗೆ ನೋಯುವಷ್ಟು ನಕ್ಕ, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಹಿತ್ತಾಳೆಯ ಫಲಕ ಕಿತ್ತದ್ದು.

ಅಲ್ಲಿಂದ ಮುಂದೆ ಆ ಹೆಸರಿನ ಹುಚ್ಚು ಹಿಡಿಯಿತು ನೋಡಿ! ಫೋನೆತ್ತಿದರೆ ಪೀಲನ್‌ಪೋಲ್, ಆಲೂಗಡ್ಡೆ ಗೋಣಿಯ ಮೇಲೆ ಪೀಲನ್‌ಪೋಲ್. ಒಂದು ಸಲ ರೇಡಿಯೋದಲ್ಲಿ ಹೆಸರುಗಳ ಹುಟ್ಟು ಹೇಳುವ ಪಂಡಿತರೊಬ್ಬರಿಗೆ ಈ ಹೆಸರು ಕಳಿಸಿ, ರೇಡಿಯೋಗೆ ಕಿವಿ ಅಂಟಿಸಿ ಕೂತ. ಪಂಡಿತರು ಬಾತನ್ನೂ ಹೇಳಿದರು, ಕಂಬವನ್ನೂ ಹೇಳಿದರು, ಕೊನೆಗೆ, "ಇಡೀ ಜರ್ಮನಿಯ ಟೆಲಿಫೋನ್ ಪುಸ್ತಕಗಳಲ್ಲಿ ಈ ಹೆಸರಿನವರು ಒಬ್ಬರೂ ಇಲ್ಲ. ಇದು ಅಳಿದುಹೋದ ಹೆಸರು" ಎಂದು ಮುಗಿಸಿದರು. ಅಷ್ಟರಲ್ಲಿ ಕಿಟಕಿಯಲ್ಲಿ ಎವಾಲ್ಟ್‌ನ ಮುಖ.

"ಏಯ್ ಪೀಲನ್‌ಪೋಲ್, ನಿನ್ನ ಕರು ನನ್ನ ತೋಟದ ಕೋಸೆಲ್ಲ ಮೇಯ್ತಾ ಇದೆ!"

"ನಾನು ಯಾವತ್ತೋ ಅಳಿದು ಹೋಗಿದೀನಂತೆ. ರೇಡಿಯೋದವರು ಹೇಳ್ತಿದಾರೆ."

"ಅಳಿದು ಹೋದೋನು ಎದ್ದು ಬಂದು ಕರು ಕಟ್ಟು!"

ಇಂಥ ಹೆಸರನ್ನು ಬಿಟ್ಟುಕೊಡು ಎಂದರೆ ಯಾರಿಗೆ ತಾನೆ ಆಗುತ್ತದೆ? ಆದರೆ ವಾಲ್‌ಬುರ್ಗಾಳ ಮಂಡಿ ಹೋಯಿತು. ಮೆಟ್ಟಿಲು ಹತ್ತುವಾಗೆಲ್ಲ ಮಾತೆ ಮರಿಯಮ್ಮನನ್ನು ಕೂಗುವ ಹಾಗಾಯಿತು. ಚರ್ಚಿನ ಚೌಕದಲ್ಲಿ ಲಿಫ್ಟ್ ಇರುವ ಎರಡು ಕೋಣೆಯ ಮನೆ ಸಿಕ್ಕಿತು. ಹಳೆಯ ಮನೆಯನ್ನು ಕೊಂಡವರು ಶ್ರೀಲಂಕಾ ಮೂಲದ ತಮಿಳರು, ಗಂಡ ಹೆಂಡತಿ. ಗಂಡ ಶಿವನೇಸನ್ ಬಸ್ಸಿನ ಡ್ರೈವರು. ಹೆಂಡತಿ ಕಲೈವಾಣಿ ಹಾಮ್ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು, ಮನೆಮನೆಗೆ ಹೋಗಿ ಮುದುಕರಿಗೆ ಶುಶ್ರೂಷೆ ಮಾಡುವ ನರ್ಸು. ಅವಳಿಗೆ ನಮ್ಮ ಹಳ್ಳಿ ಬೈಗುಳ ಎವಾಲ್ಟ್‌ಗಿಂತ ಚೆನ್ನಾಗಿ ಬರುತ್ತದೆ.

ಅವರು ಸಾಮಾನು ಇಳಿಸುವ ದಿನ ಕ್ಲೆಮೆನ್ಸ್ ಕೀಲಿಗೊಂಚಲು ಕೊಡಲು ಹೋದ. ಬಾಗಿಲಿಗೆ ಹಸಿರು ತೋರಣ. ನಡುವೆ ಹಲಗೆ. ಹಲಗೆಯ ಮೇಲೆ ಪೀಲನ್‌ಪೋಲ್. ಏಣಿಯ ಮೇಲೆ ನಿಂತಿದ್ದ ಎವಾಲ್ಟ್‌ನನ್ನು ಕೆಳಗಿಳಿಸಿ ಕೊಟ್ಟಿಗೆಯ ಮರೆಗೆ ಎಳೆದುಕೊಂಡು ಹೋದ. ಎವಾಲ್ಟ್ ಈಗ ನೆರೆಕೂಟದ ಯಜಮಾನ ಬೇರೆ.

"ಏನಯ್ಯಾ ಇದು? ಅದು ನನ್ನ ಹೆಸರು!"

"ನಿನ್ನದು ಯಾವಾಗ ಆಯ್ತು? ಮನೇದು."

"ನನ್ನ ಜೊತೆ ಕಳಿಸಿಕೊಡು. ಅವರನ್ನ ಅವರ ಹೆಸರಿಂದಲೇ ಕರೀರಿ. ನಾನು ಕೇಳೋದು ಅಷ್ಟೇ."

"ಆಗಲ್ಲ ಕಣಯ್ಯಾ" ಎಂದ ಎವಾಲ್ಟ್. ಅವನ ದನಿಯಲ್ಲೂ ಮರುಕವಿತ್ತು. "ಇಲ್ಲಿ ಬೆಂಕಿ ಬಿತ್ತು ಅಂತಿಟ್ಕೋ. ಪೀಲನ್‌ಪೋಲ್‌ಗೆ ಓಡ್ರೋ ಅಂತ ಕೂಗ್ತೀನಿ. ಜನ ಎಲ್ಲಾ ನೀರು ಹೊತ್ಕೊಂಡು ಚರ್ಚಿನ ಚೌಕಕ್ಕೆ, ನಿನ್ನ ಲಿಫ್ಟಿನ ಮುಂದೆ ಬಂದು ನಿಂತ್ಕೊಂಡ್ರೆ? ಈ ಗಂಡ ಹೆಂಡ್ತಿ ಗತಿ ಏನು?"

ಕ್ಲೆಮೆನ್ಸ್ ಕೀಲಿಗೊಂಚಲನ್ನು ಅವನ ಕೈಗೆ ತುರುಕಿದ. ಮುಖ ಊದಿಸಿಕೊಂಡು ಮನೆಗೆ ಬಂದ. ಎರಡು ಕೋಣೆಯ ಮನೆಯಲ್ಲಿ ಊದಿದ ಮುಖಕ್ಕೆ ಜಾಗ ಎಲ್ಲಿದೆ? ವಾಲ್‌ಬುರ್ಗಾ ಅಂದಿನಿಂದ ಅವನನ್ನು ಗೋಳು ಹೊಯ್ದುಕೊಂಡಳು. "ಏನ್ ಮ್ಯುಲ್ಲರೇ, ಕಾಫಿ ಹಾಕ್ಲಾ? ಏನ್ ಮ್ಯುಲ್ಲರೇ, ನಿದ್ದೆ ಬಂತಾ?"

"ನಿನ್ನ ಅಪ್ಪನ ಮನೆ ಹೆಸರು ಕಣೇ! ನಿನಗೇ ಏನೂ ಅನ್ಸಲ್ವಾ?"

"ಗುಂಡಿನೂ ಇಲ್ಲ, ಬಾತೂ ಇಲ್ಲ. ಅನ್ಸೋಕೆ ಏನಿದೆ? ಸುಮ್ಮನೆ ಕಾಫಿ ಕುಡಿ."

ಒಂದು ಸಂಜೆ ಕಲೈವಾಣಿ ಡಬ್ಬಿಯಲ್ಲಿ ವಡೆ ಹಾಕಿಕೊಂಡು ಬಂದಳು. ನೀರಿನ ಪಂಪಿನ ಬಗ್ಗೆ ಏನೋ ಕೇಳಬೇಕಿತ್ತು. ಕೇಳಿಯಾದ ಮೇಲೂ ಏಳಲಿಲ್ಲ.

"ನಿಮ್ಮನ್ನ ಇನ್ನೊಂದು ಕೇಳ್ಬೇಕು" ಎಂದಳು. "ನಮ್ಮ ಕಡೆ ಮನೆತನದ ಹೆಸರೇ ಇರಲ್ಲ. ಅಪ್ಪನ ಹೆಸರನ್ನೇ ಹಿಂದಕ್ಕೆ ಸೇರಿಸ್ಕೋತೀವಿ. ಮದುವೆ ಆದ್ಮೇಲೆ ಗಂಡನ ಹೆಸರು. ಒಂದೇ ಮನೇಲಿ ಅತ್ತೆಗೊಂದು, ನನಗೊಂದು. ಕಚೇರಿಗೆ ಹೋದ್ರೆ, ನೀವು ನಿಜವಾಗ್ಲೂ ಒಂದೇ ಮನೆಯವರಾ ಅಂತ ಕೇಳ್ತಾರೆ. ಇಲ್ಲಿ ಮನೆಗೇ ಒಂದು ಹೆಸರಿದೆ, ಒಳಗಿರೋರೆಲ್ಲ ಅದೇ ಅಂತ ಎನ್ನೆ ಹೇಳಿದ್ರು. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ! ಆಮೇಲೆ ನಿಮಗೆ ಬೇಜಾರಾಗಿದೆ ಅಂತಾನೂ ಹೇಳಿದ್ರು. ನೀವು ಹೂಂ ಅನ್ನೋವರೆಗೂ ನಾವು ಆ ಹೆಸರಿಗೆ ಓಗೊಡಲ್ಲ."

ಕ್ಲೆಮೆನ್ಸ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ವಡೆ ಗಟ್ಟಿಯಾಗಿದೆ ಎಂದು ಗೊಣಗಿ ಎರಡು ತಿಂದ. ಅವಳು ಹೋದ ಮೇಲೆ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದ. ಜನವರಿಯಲ್ಲಿ ನೆರೆಕೂಟದ ಸಭೆ. ಯಜಮಾನ ಮನೆಗಳ ಹೆಸರು ಒಂದೊಂದಾಗಿ ಕೂಗುತ್ತಾನೆ, ಆ ಮನೆಯವರು 'ಇದ್ದೀವಿ' ಎನ್ನಬೇಕು. ಆ ದಾರಿಯ ಮನೆ ಬಿಟ್ಟು ಹೋದವರನ್ನು ಅದೊಂದು ಸಲ ಕೊನೆಯ ಬಿಯರಿಗೆ ಕರೆಯುವುದು ವಾಡಿಕೆ. ಪೀಲನ್‌ಪೋಲ್ ಎಂದು ಕೂಗಿದಾಗ ತಾನೇ ಎದ್ದು ನಿಂತು ಇದ್ದೀನಿ ಎನ್ನುವುದು. ಎಲ್ಲರೆದುರು ಒಮ್ಮೆ ಅಂದುಬಿಟ್ಟರೆ ಮುಗಿಯಿತು, ಆಮೇಲೆ ಯಾರು ಕಿತ್ತುಕೊಳ್ಳುತ್ತಾರೋ ನೋಡೇಬಿಡೋಣ!

ಸಭೆಯ ದಿನ ಹೋಟೆಲಿನ ದೊಡ್ಡ ಕೋಣೆ ತುಂಬಿತ್ತು. ಉದ್ದ ಮೇಜಿನ ಈಚೆ ಕ್ಲೆಮೆನ್ಸ್ ಮತ್ತು ವಾಲ್‌ಬುರ್ಗಾ, ಎದುರಿಗೆ ಕಲೈವಾಣಿ ಮತ್ತು ಅವಳ ಗಂಡ. ಎವಾಲ್ಟ್ ಎದ್ದು ಗಂಟಲು ಸರಿಮಾಡಿಕೊಂಡು, ದಾರಿಯ ಈ ತುದಿಯಿಂದ ಹಿಡಿದು ಒಂದೊಂದೇ ಮನೆಯನ್ನು ಕೂಗತೊಡಗಿದ. ಇದ್ದೀವಿ, ಇದ್ದೀವಿ ಎಂದು ದನಿಗಳು ಹತ್ತಿರ ಹತ್ತಿರ ಬಂದವು. ಕ್ಲೆಮೆನ್ಸ್ ಮೇಜಿನ ಅಂಚು ಹಿಡಿದು ಕೂತಿದ್ದ.

"ಪೀಲನ್‌ಪೋಲ್!"

ಇಡೀ ಕೋಣೆ ಆ ಮೇಜಿನ ಕಡೆ ತಿರುಗಿತು. ಕಲೈವಾಣಿ ತುಟಿ ಬಿಗಿಹಿಡಿದು ಕ್ಲೆಮೆನ್ಸ್‌ನನ್ನೇ ನೋಡುತ್ತಿದ್ದಳು. ಅವಳ ಗಂಡ ಅವಳ ತೋಳು ತಟ್ಟಿ ಏನೋ ಪಿಸುಗುಟ್ಟಿದ; ಅವಳು ತಲೆಯಾಡಿಸಿ ಬೇಡ ಎಂದಳು. ಎವಾಲ್ಟ್ ಎರಡನೇ ಸಲ ಕೂಗಿದ. ಈ ಸಲ ದನಿ ತಗ್ಗಿತ್ತು.

ಕ್ಲೆಮೆನ್ಸ್ ಅರ್ಧ ಎದ್ದಿದ್ದ. ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಹೊಳೆಯಿತು: ತನಗೆ ಈ ಹೆಸರನ್ನು ಕಟ್ಟುವಾಗ ಯಾರೂ ಕೇಳಿರಲಿಲ್ಲ, ಹದಿನೈದು ವರ್ಷ ಅದಕ್ಕೇ ಕುದಿದ. ಈ ಹುಡುಗಿ ಬಾಗಿಲಿಗೆ ಬಂದು ಕೇಳಿದಳು. ಕೇಳಿ, ಇವತ್ತಿನವರೆಗೂ ಕಾದಿದ್ದಾಳೆ. ತಾನು ಬಾಯಿ ಬಿಟ್ಟರೆ ಅವಳು ಇಷ್ಟು ಜನರ ನಡುವೆ ಯಾರ ಮನೆಯವಳೂ ಅಲ್ಲದೆ ಕೂತಿರಬೇಕು. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

"ಹೇಳಮ್ಮಾ" ಎಂದ. "ನಿನ್ನನ್ನೇ ಕರೀತಿರೋದು. ಹೇಳು."

"ಇದ್ದೀವಿ!" ಎಂದಳು ಕಲೈವಾಣಿ, ಕೋಣೆಯ ಆ ಮೂಲೆಗೂ ಕೇಳುವ ಹಾಗೆ.

ಜನ ಮೇಜುಗಳನ್ನು ಬೆರಳಗೆಣ್ಣಿನಿಂದ ಕುಟ್ಟಿದರು. ನಮ್ಮ ಕಡೆ ಚಪ್ಪಾಳೆ ಎಂದರೆ ಅದು. ಎನ್ನೆ ಎದ್ದು ಬಂದು ಹುಡುಗಿಯ ಕೆನ್ನೆ ಹಿಂಡಿದಳು. ಕ್ಲೆಮೆನ್ಸ್ ಮತ್ತೆ ಕುರ್ಚಿಯಲ್ಲಿ ಕೂತ. ಇನ್ನು ಹೆಂಡತಿ ಏನು ಕೀಟಲೆ ಮಾಡುತ್ತಾಳೋ ಎಂದುಕೊಂಡು ಪಕ್ಕಕ್ಕೆ ತಿರುಗಿದ.

ವಾಲ್‌ಬುರ್ಗಾ ಅಳುತ್ತಿದ್ದಳು. ಸದ್ದಿಲ್ಲ. ಕಣ್ಣೀರು ಗಲ್ಲದಿಂದ ಇಳಿದು ಕುಪ್ಪಸದ ಕಾಲರಿಗೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಿರಲಿಲ್ಲ. ಮಂಡಿನೋವಿಗೆ ಬಿಟ್ಟರೆ ಅವಳ ಕಣ್ಣಲ್ಲಿ ನೀರು ಕಂಡವನಲ್ಲ ಅವನು. ಗಾಬರಿಯಾಯಿತು.

"ಏನಾಯ್ತೇ? ಮಂಡಿ ನೋವಾ?"

"ಮಂಡಿಯಂತೆ ಮಂಡಿ" ಎಂದಳು. "ನಿನ್ನನ್ನ ಆ ಹೆಸರಲ್ಲಿ ಕರೆದಿದ್ದು ಮದುವೆಯಾದ್ಮೇಲೆ. ನಾನು ಅಮ್ಮನ ಹೊಟ್ಟೆಯಿಂದ ಅದನ್ನೇ ಹೊತ್ಕೊಂಡು ಬಂದೋಳು. ಈಗದು ನಮ್ಮಪ್ಪನ ಗೋರಿ ಮೇಲೆ ಬಿಟ್ರೆ ನಮ್ಮೋರದಾಗಿ ಇನ್ನೆಲ್ಲೂ ಇಲ್ಲ."

"ಮತ್ತೆ ಇಷ್ಟು ದಿನ ನಗ್ತಾ ಇದ್ಯಲ್ಲೇ!"

"ಇನ್ನೇನ್ ಮಾಡ್ಲಿ? ಎರಡು ಕೋಣೇಲಿ ಇಬ್ರೂ ಮುಖ ಊದಿಸ್ಕೊಂಡು ಕೂತ್ಕೊಳ್ಳೋದಾ?" ಮೂಗು ಸೊರಕ್ಕೆಂದಿತು. "ಅವತ್ತು ಕಚೇರೀಲಿ ಮ್ಯುಲ್ಲರ್ ಅಂತ ರುಜು ಹಾಕ್ದಾಗಲೂ ಹೀಗೇ ಆಗಿತ್ತು. ಅಕ್ಷರ ಸೊಟ್ಟಗಾಯ್ತು. ನಿನಗೆ ತೋರಣದ ಮೇಲಿನ ಕೋಪದಲ್ಲಿ ಕಾಣ್ಲಿಲ್ಲ. ಆಮೇಲೂ ನೀನು ಕೇಳ್ಲಿಲ್ಲ."

ಒಂದು ಹೆಸರಿಗಾಗಿ ಮೊದಲು ಅಷ್ಟು ವರ್ಷ ಬೇಡ ಎಂದು, ಆಮೇಲೆ ಅಷ್ಟು ವರ್ಷ ಬೇಕು ಎಂದು ಒದ್ದಾಡಿದವನು, ಅದನ್ನು ತನಗಾಗಿ ಕಳೆದುಕೊಂಡವಳ ಪಕ್ಕದಲ್ಲೇ ಮಲಗಿ ಎದ್ದಿದ್ದ. ಒಂದೇ ಒಂದು ಸಲವೂ ಹೊಳೆದಿರಲಿಲ್ಲ.

"ಈಗ ಕೇಳ್ತಿದೀನಿ ಕಣೇ" ಎಂದ.

"ಈಗ ಕೇಳಿದ್ರೆ ಏನು ಹೇಳ್ಲಿ? ನೀನು ಮಾಡಿದ್ದು ಸರಿ. ನನ್ನ ಹೊಟ್ಟೆ ಉರೀತಿದೆ. ಎರಡೂ ನಿಜ."

ಎವಾಲ್ಟ್ ಕಾಲುವೆಯಾಚೆಯ ಮನೆಗಳನ್ನು ಕೂಗುತ್ತಿದ್ದ. ನಮ್ಮ ಕಡೆಯ ಗಂಡಸರು ನಾಲ್ಕು ಜನರೆದುರು ಹೆಂಡತಿಯ ಕೈ ಮುಟ್ಟುವವರಲ್ಲ. ಕ್ಲೆಮೆನ್ಸ್ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೇ, ವಾಲ್‌ಬುರ್ಗಾಳ ಕೈ ಹಿಡಿದುಕೊಂಡ. ಕೊನೆಯ ಮನೆಯವರು ಇದ್ದೀವಿ ಎನ್ನುವವರೆಗೂ ಬಿಡಲಿಲ್ಲ.